ಮೇಲೆರಡು, ಕೆಳಗೈದು

ಜಪಾನಿನ ಫುಕುವೋಕಾದ ನಮ್ಮ ಮನೆಗೆ ಬರುವ ಕನ್ನಡದವರಲ್ಲಿ ಹೆಚ್ಚಿನವರು ಸೋಫಾದ ಪಕ್ಕದ ಆ ಮರದ ವಸ್ತುವನ್ನು ಕಂಡ ಕೂಡಲೇ ಸಾಕ್ಸ್ ಬಿಚ್ಚುತ್ತಾರೆ. ಕಳೆದ ಯುಗಾದಿಗೆ ಊಟಕ್ಕೆ ಬಂದಿದ್ದ ಗೆಳೆಯರೊಬ್ಬರಂತೂ ಅದನ್ನು ತಮ್ಮ ಕಡೆಗೆ ಎಳೆದುಕೊಂಡು, ಎರಡೂ ಪಾದಗಳನ್ನು ಅದರ ಮೇಲಿಟ್ಟು ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತ, "ಆಹಾ! ಎಲ್ ತಗೊಂಡ್ರಿ ಸಾರ್ ಇದನ್ನ? ಟ್ರೈನಲ್ಲಿ ನಿಂತು ನಿಂತು ನನ್ ಹಿಮ್ಮಡಿ ಹೋಗ್‌ಬಿಟ್ಟಿದೆ" ಎಂದರು. ಅದು ಕಾಲು ಒತ್ತುವ ಸಾಧನವಲ್ಲ, ಚೀನಾದವರು ಲೆಕ್ಕ ಮಾಡುವ ಮಣಿಚೌಕಟ್ಟು ಎಂದು ಹೇಳಲು ಬಾಯಿ ತೆರೆದೆ. ಆದರೆ ಅವರ ಮುಖದಲ್ಲಿ ಎಂಥ ನೆಮ್ಮದಿ ಮೂಡಿತ್ತೆಂದರೆ, ಸುಮ್ಮನಾಗಿಬಿಟ್ಟೆ. ಹೋಳಿಗೆ ಬರುವವರೆಗೂ ಅವರು ಕಾಲಿನಲ್ಲಿ ಲೆಕ್ಕ ಮಾಡುತ್ತಲೇ ಇದ್ದರು.

ಅವರನ್ನು ನೋಡಿ ನಗುವ ಹಕ್ಕು ನನಗಿಲ್ಲ. ನಾನು ಅದನ್ನು ಕೊಂಡದ್ದೂ ಒಂದು ತಪ್ಪು ತಿಳಿವಳಿಕೆಯಿಂದಲೇ. ಇಲ್ಲಿನ ಗುಡಿಯೊಂದರ ಅಂಗಳದಲ್ಲಿ ತಿಂಗಳಿಗೊಮ್ಮೆ ಹಳೆಯ ಸಾಮಾನುಗಳ ಸಂತೆ ಸೇರುತ್ತದೆ. ಬಿರುಕು ಬಿಟ್ಟ ಚಹಾ ಬಟ್ಟಲು, ಯಾರದೋ ಮದುವೆಯ ಕಿಮೊನೊ, ನಡೆಯದ ಗಡಿಯಾರ, ಹೀಗೆ. ಅವುಗಳ ನಡುವೆ ಕರೀ ಮರದ ಚೌಕಟ್ಟೊಂದು ಬಿದ್ದಿತ್ತು. ಸಾಲುಸಾಲು ಕಡ್ಡಿಗಳು, ಕಡ್ಡಿಗಳಿಗೆ ಪೋಣಿಸಿದ ದಪ್ಪ ಮಣಿಗಳು. ಮಗಳು ಹೋಗುವ ಲೆಕ್ಕದ ತರಗತಿಯಲ್ಲಿ ಇಂಥದ್ದನ್ನೇ ನೋಡಿದ್ದೆ. ಜಪಾನಿನಲ್ಲಿ ಅದಕ್ಕೆ ಸೊರೊಬಾನ್ ಎನ್ನುತ್ತಾರೆ. ಇದು ಅದೇ, ಕೊಂಚ ದೊಡ್ಡ ಅಳತೆಯದು, ದಪ್ಪ ಬೆರಳಿನವರಿಗಾಗಿ ಮಾಡಿದ್ದಿರಬೇಕು ಎಂದುಕೊಂಡೆ. ಮಾರುವ ಮುದುಕ ಏನೋ ಹೇಳುತ್ತಲೇ ಇದ್ದ. ಅರ್ಥವಾಗದಿದ್ದಾಗ ನಾನು ಮಾಡುವಂತೆ ಮೂರು ಸಲ ತಲೆ ಬಗ್ಗಿಸಿ, "ಹಾಯ್, ಹಾಯ್" ಎಂದು ಒಪ್ಪಿಕೊಂಡು ಮನೆಗೆ ತಂದೆ. ಇದು ಚೀನಾದ್ದು, ನಿಮಗೆ ಬೇಕಾದದ್ದು ಇದಲ್ಲ ಎಂದು ಆತ ಹೇಳುತ್ತಿದ್ದಿರಬೇಕೆಂದು ಈಗ ಅನಿಸುತ್ತದೆ. ಅಷ್ಟು ಪ್ರಾಮಾಣಿಕ ವ್ಯಾಪಾರಿಯನ್ನು ತಲೆಯಾಡಿಸಿಯೇ ಸೋಲಿಸಿದೆ.

ಕೊಳ್ಳಲು ಇನ್ನೊಂದು ಕಾರಣವೂ ಇತ್ತು. ಅದನ್ನು ಕೈಗೆತ್ತಿಕೊಂಡ ಕೂಡಲೇ ಬಾಲ್ಯದ ಮೈಸೂರು ಕಣ್ಣ ಮುಂದೆ ಬಂದುಬಿಟ್ಟಿತು. ನಮ್ಮ ಬೀದಿಯಿಂದ ಸ್ವಲ್ಪ ದೂರದಲ್ಲಿ ಚೀನೀ ದಂತವೈದ್ಯರೊಬ್ಬರಿದ್ದರು. ಅವರ ಮೇಜಿನ ಮೇಲೆ ಇಂಥದ್ದೇ ಮಣಿಚೌಕಟ್ಟು. ನನ್ನ ಹಲ್ಲು ಕೀಳುವಾಗ ಅಳದಿರಲೆಂದು ಅವರು ಅದನ್ನು ನನ್ನ ಕೈಗೆ ಕೊಟ್ಟಿದ್ದರು. ಟಕ್ ಟಕ್ ಎಂಬ ಆ ಸದ್ದು, ಲವಂಗದೆಣ್ಣೆಯ ವಾಸನೆ, ಮಣಿಯ ತಂಪು ಎಲ್ಲವೂ ಸ್ಪಷ್ಟವಾಗಿ ನೆನಪಾದವು. ಅಷ್ಟು ಸ್ಪಷ್ಟವಾಗಿದ್ದದ್ದೇ ಅನುಮಾನಕ್ಕೆ ಕಾರಣವಾಯಿತು. ನಾನು ದಿನಚರಿ ಬರೆಯುವವನು. ಒಂದು ವಾರದ ಹಿಂದಿನದನ್ನೂ ತಿರುವಿ ನೋಡಿದರೆ ನೆನಪು ಹೇಳುವುದು ಒಂದು, ಬರೆದಿಟ್ಟದ್ದು ಇನ್ನೊಂದು. ಹಾಗಾಗಿ ಸಂಜೆ ಮೈಸೂರಿನಲ್ಲಿರುವ ಸುಧಕ್ಕನಿಗೆ ವಿಡಿಯೋ ಕಾಲ್ ಮಾಡಿ ಅದನ್ನು ಕ್ಯಾಮೆರಾದ ಮುಂದೆ ಹಿಡಿದೆ.

"ಅಕ್ಕಾ, ಆ ಚೀನೀ ಡೆಂಟಿಸ್ಟ್ ಮೇಜಿನ್ ಮೇಲೆ ಇದೇ ಇತ್ತಲ್ವಾ?"

ಅಕ್ಕ ಕನ್ನಡಕವನ್ನು ಹಣೆಗೇರಿಸಿ ನೋಡಿದಳು. "ಇದಾ? ಇಲ್ವಲ್ಲೋ. ಅವರ ಹತ್ರ ಗಾಜಿನ ಬೀರು ಇತ್ತು. ಅದರೊಳಗೆ ಕಟ್ಟಿಸ್ಕೊಳ್ಳೋ ಹಲ್ಲಿನ ಸೆಟ್ ಇಟ್ಟಿದ್ರು. ಮೇಲೊಂದು ಸಾಲು, ಕೆಳಗೊಂದು ಸಾಲು."

"ಇಲ್ಲಕ್ಕ, ನಾನು ಮುಟ್ಟಿದೀನಿ. ಹಲ್ಲು ಕೀಳೋವಾಗ ನನ್ ಕೈಗೆ ಕೊಟ್ಟಿದ್ರು."

"ಹಲ್ಲು ಕೀಳಿಸ್ಕೊಂಡಿದ್ದು ನಾನು ಕಣೋ! ನೀನು ಹೊರಗೆ ಬೆಂಚಿನ ಮೇಲೆ ಕೂತ್ಕೊಂಡು ನನಗಿಂತ ಜೋರಾಗಿ ಅಳ್ತಾ ಇದ್ದೆ. ಕೊನೆಗೆ ಅವರು ನಿನಗೇ ಪೆಪ್ಪರ್‌ಮೆಂಟ್ ಕೊಟ್ರು. ನನಗೆ ಹತ್ತಿ."

ಫೋನಿಟ್ಟ ಮೇಲೆ ನಾಲಿಗೆಯಿಂದ ಹಲ್ಲುಗಳನ್ನೆಲ್ಲ ಸವರಿ ನೋಡಿಕೊಂಡೆ. ಎಲ್ಲವೂ ಇದ್ದವು. ಆದರೆ ಕಿತ್ತದ್ದು ಹಾಲುಹಲ್ಲಾಗಿದ್ದರೆ ಅದರ ಜಾಗದಲ್ಲಿ ಇನ್ನೊಂದು ಬಂದೇ ಬರುತ್ತದಲ್ಲ, ಆದ್ದರಿಂದ ಹಲ್ಲುಗಳ ಸಾಕ್ಷಿಯನ್ನೂ ನೆಚ್ಚುವಂತಿಲ್ಲ. ಮೂವತ್ತು ವರ್ಷ ಜೋಪಾನವಾಗಿ ಕಾಪಾಡಿಕೊಂಡು ಬಂದ ನೆನಪೊಂದು ಯಾರದೋ ದವಡೆ ಎಂದು ತಿಳಿದಾಗ ಮನುಷ್ಯನಿಗೆ ಏನನ್ನಿಸಬೇಕೋ ಗೊತ್ತಿಲ್ಲ. ನನಗೆ ನಗು ಬಂತು.

ಇಷ್ಟಕ್ಕೂ ನನ್ನ ಕೆಲಸವೇ ಅಂಕಿಗಳದ್ದು. ಸಮುದ್ರದ ಅಲೆಗಳು ನಾಳೆ ಎಷ್ಟು ಎತ್ತರ ಏಳಬಹುದೆಂದು ಅಂದಾಜು ಮಾಡುವ ಗುಂಪೊಂದರಲ್ಲಿ, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧಕ. ಕೋಟಿಗಟ್ಟಲೆ ಸಂಖ್ಯೆಗಳನ್ನು ಕಂಪ್ಯೂಟರಿಗೆ ಉಣಿಸುತ್ತೇನೆ. ಆದರೆ ಹದಿನೇಳಕ್ಕೆ ಎಂಟನ್ನು ಕೂಡಿಸು ಎಂದರೆ ಇವತ್ತಿಗೂ ತುಟಿ ಅಲ್ಲಾಡಲೇಬೇಕು. ಪ್ರೈಮರಿ ಶಾಲೆಯಲ್ಲಿ ನಮಗೆ ಕೂಡುವ ಲೆಕ್ಕ ಕಲಿಸಿದ್ದು ನಿಮಗೂ ನೆನಪಿರಬಹುದು: ದೊಡ್ಡ ಸಂಖ್ಯೆ ಮನಸ್ಸಿನಲ್ಲಿ, ಚಿಕ್ಕ ಸಂಖ್ಯೆ ಕೈಯಲ್ಲಿ. ಮೇಡಂ ಹಾಗೆಂದಾಗ ನಾವೆಲ್ಲ ಒಂದು ಕೈಯನ್ನು ಎದೆಯ ಮೇಲಿಟ್ಟು, ಇನ್ನೊಂದು ಕೈಯ ಬೆರಳುಗಳನ್ನು ಬಿಚ್ಚುತ್ತಿದ್ದೆವು. ಮನಸ್ಸು ಎದೆಯಲ್ಲೇ ಎಲ್ಲೋ ಇದೆ ಎಂಬ ನಂಬಿಕೆ. ಏಳು ಒಳಗೆ ಹೋಗಿ ಕುಳಿತಿದೆ, ಕೆಮ್ಮಿದರೆ ಈಚೆ ಬಂದುಬಿಡುತ್ತದೆ ಎಂದು ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಇದು ನಿಜವಾಗಿ ನಡೆದದ್ದೇ. ಅಕ್ಕನನ್ನು ಕೇಳಿಲ್ಲ, ಕೇಳುವುದೂ ಇಲ್ಲ.

ಶಿಶುವಿಹಾರದಲ್ಲಿ ಬಣ್ಣದ ಮಣಿಗಳ ಚೌಕಟ್ಟೊಂದು ಇದ್ದದ್ದೂ ಹೌದು. ಆದರೆ ಅದು ಬೀರುವಿನ ಮೇಲಿರುತ್ತಿತ್ತು. ಹೊರಗಿನವರು ಶಾಲೆ ನೋಡಲು ಬಂದ ದಿನ ಮಾತ್ರ ಕೆಳಗಿಳಿದು, ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು, ಅವರು ಹೋದ ಮೇಲೆ ಮತ್ತೆ ಮೇಲೇರುತ್ತಿತ್ತು. ಲೆಕ್ಕಕ್ಕೂ ಮಣಿಗಳಿಗೂ ಏನಾದರೂ ಸಂಬಂಧವಿದೆಯೆಂದು ನಮಗೆ ಯಾರೂ ಹೇಳಲಿಲ್ಲ.

ಕೊಂಡು ತಂದ ಚೌಕಟ್ಟಿನಲ್ಲಿ ಮಗಳ ಸೊರೊಬಾನಿಗಿಂತ ಹೆಚ್ಚು ಮಣಿಗಳಿವೆಯೆಂಬುದು ಗೊತ್ತಾದದ್ದು ಎರಡನ್ನೂ ಅಕ್ಕಪಕ್ಕ ಇಟ್ಟಾಗ. ಎರಡರಲ್ಲೂ ನಡುವೆ ಒಂದು ಅಡ್ಡಪಟ್ಟಿ ಇರುತ್ತದೆ. ಪಟ್ಟಿಯ ಮೇಲಿನ ಒಂದು ಮಣಿಯ ಬೆಲೆ ಐದು, ಕೆಳಗಿನ ಒಂದೊಂದರ ಬೆಲೆ ಒಂದು. ಮಗಳದರಲ್ಲಿ ಮೇಲೊಂದು, ಕೆಳಗೆ ನಾಲ್ಕು. ಸೇರಿದರೆ ಒಂಬತ್ತು. ಹತ್ತಾದ ಕ್ಷಣವೇ ಪಕ್ಕದ ಕಡ್ಡಿಗೆ ದಾಟಿಸಬೇಕು. ನನ್ನದರಲ್ಲಿ ಮೇಲೆರಡು, ಕೆಳಗೈದು. ಒಂದೇ ಕಡ್ಡಿಯಲ್ಲಿ ಹದಿನೈದನ್ನು ಇಟ್ಟುಕೊಂಡು ಕೂರಬಹುದು. ಇದು ಸೊರೊಬಾನ್ ಅಲ್ಲವೇ ಅಲ್ಲ, ಚೀನಾದ್ದು ಎಂದು ಮಗಳೇ ತೀರ್ಪು ಕೊಟ್ಟಳು.

ಈ ಹೆಚ್ಚಿನ ಮಣಿಗಳು ಏಕೆಂದು ತಿಳಿಯಲು ಅದನ್ನು ಪ್ರಯೋಗಾಲಯಕ್ಕೆ ಹೊತ್ತುಕೊಂಡು ಹೋಗಿ, ಪಕ್ಕದ ಮೇಜಿನ ಲಿಯು ಸಾನ್ ಮುಂದಿಟ್ಟೆ. ಆಕೆ ಚೀನಾದವಳು, ನನ್ನಷ್ಟೇ ವಯಸ್ಸಿನವಳು. ನಮ್ಮಿಬ್ಬರ ನಡುವಿನ ಭಾಷೆ ಮುಕ್ಕಾಲು ಇಂಗ್ಲಿಷ್, ಕಾಲು ಜಪಾನಿ.

"ನಿಮ್ಮ ದೇಶದ್ದು. ಹೇಗೆ ಬಳಸೋದು ಹೇಳಿಕೊಡಿ" ಎಂದೆ.

ಲಿಯು ಸಾನ್ ಅದನ್ನೂ ನನ್ನನ್ನೂ ನೋಡಿದಳು. "ನಿಮಗೆ ಹಾವಾಡಿಸೋಕೆ ಬರುತ್ತಾ?"

"ಇಲ್ಲ."

"ನನಗೂ ಹಾಗೇ" ಎಂದು ಮತ್ತೆ ತನ್ನ ಪರದೆಯ ಕಡೆಗೆ ತಿರುಗಿದಳು.

ಆದರೆ ಮಾರನೆಯ ದಿನ ಊಟದ ಹೊತ್ತಿಗೆ ಆಕೆಯೇ ಬಂದಳು. ಊರಿನಲ್ಲಿರುವ ಅಜ್ಜಿಗೆ ಫೋನು ಮಾಡಿ ಕೇಳಿದ್ದಳಂತೆ. ಹಿಂದೆ ಅವರಲ್ಲಿ ಹದಿನಾರು ಸಣ್ಣ ತೂಕ ಸೇರಿದರೆ ಒಂದು ದೊಡ್ಡ ತೂಕ. ಹಾಗಾಗಿ ಒಂದು ಕಡ್ಡಿ ಹದಿನೈದರವರೆಗೂ ತಾಳಿಕೊಳ್ಳಬೇಕಿತ್ತು. "ಇನ್ನೊಂದು ಉಪಯೋಗವೂ ಇದೆ ಅಂದರು ಅಜ್ಜಿ. ಹತ್ತಾದ ತಕ್ಷಣ ದಾಟಿಸೋಕೆ ಪುರುಸೊತ್ತಿಲ್ಲದಿದ್ರೆ ಅಲ್ಲೇ ಇಟ್ಟುಕೊಳ್ಳಬಹುದು. ಆಮೇಲೆ ನಿಧಾನವಾಗಿ ಸರಿಮಾಡಬಹುದು." ನನಗೆ ಈ ಯಂತ್ರದ ಮೇಲೆ ಪ್ರೀತಿ ಹುಟ್ಟಿದ್ದು ಆಗಲೇ. ಸಂದೇಹಗಳನ್ನೆಲ್ಲ ಕೂಡಲೇ ಬಗೆಹರಿಸಲಾಗದೆ ಮಡಿಲಲ್ಲಿಟ್ಟುಕೊಂಡು ತಿರುಗುವ ನನ್ನಂಥವನಿಗೆ ಹೇಳಿ ಮಾಡಿಸಿದಂತಿತ್ತು.

ಮಗಳು ಒಪ್ಪಲಿಲ್ಲ.

ಮಗಳ ವಿಷಯ ಹೇಳಬೇಕು. ಮೇಘನಾಗೆ ಒಂಬತ್ತು ವರ್ಷ. ಹುಟ್ಟಿದ್ದು ಇಲ್ಲೇ. ಗೆಳತಿಯರಿಗೆ ಅವಳು ಮೇಗು-ಚಾನ್. ನಾನು ಕನ್ನಡದಲ್ಲಿ ಕೇಳಿದ್ದು ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹೆಚ್ಚಾಗಿ ಜಪಾನಿಯಲ್ಲಿ ಬರುತ್ತದೆ, ಮನೆಯೊಳಗೆ ಆಗೊಮ್ಮೆ ಈಗೊಮ್ಮೆ ಕನ್ನಡದಲ್ಲಿ. ರಸ್ತೆಯಲ್ಲಿ ನಾನು ಬಾಯಿ ತೆರೆದರೆ ಎರಡು ಹೆಜ್ಜೆ ಮುಂದೆ ಹೋಗಿಬಿಡುತ್ತಾಳೆ. ಕನ್ನಡದಲ್ಲಿ ಮಾತಾಡಿದರೆ ಜನ ತಿರುಗಿ ನೋಡುತ್ತಾರೆ ಎಂಬುದು ಅವಳ ದೂರು. ಸರಿ ಎಂದು ಜಪಾನಿಯಲ್ಲಿ ಮಾತಾಡಿದರೆ, ಜನ ನಗುತ್ತಾರೆ ಎಂಬ ದೂರು. ನಾನು ಮಾತಾಡದೆ ಇರುವ ಭಾಷೆಯೊಂದನ್ನು ಹುಡುಕಿಕೊಳ್ಳಬೇಕಿತ್ತು.

ಅವಳಿಗೆ ತುಂಬ ಇಷ್ಟವಾದ ಜಾಗ ಹಮಾದಾ ಸೆನ್‌ಸೇ, ಅಂದರೆ ಹಮಾದಾ ಮೇಡಂ, ಎಂಬ ಹಿರಿಯ ಹೆಂಗಸು ನಡೆಸುವ ಸೊರೊಬಾನ್ ತರಗತಿ. ನಮ್ಮ ಬಡಾವಣೆಯ ಸಮುದಾಯ ಭವನದ ಮಹಡಿಯಲ್ಲಿ ವಾರಕ್ಕೆರಡು ದಿನ ನಡೆಯುತ್ತದೆ. ಅಲ್ಲಿಗೆ ಅವಳನ್ನು ಬಿಡಲು ಹೋಗುವುದು ನನ್ನ ಹೆಂಡತಿ ವಿನುತಾ. ನಾನು ಒಂದೆರಡು ಸಲ ಬಾಗಿಲಿನಿಂದ ಇಣುಕಿದ್ದೆ ಅಷ್ಟೇ. ಕಳೆದ ಶರತ್ಕಾಲದಲ್ಲಿ ಅಲ್ಲಿ ಪೋಷಕರ ದಿನ ಬಂತು. ಅಪ್ಪನೋ ಅಮ್ಮನೋ ಮನೆಯಿಂದ ಸೊರೊಬಾನ್ ತಂದು ಮಕ್ಕಳ ಪಕ್ಕ ಕುಳಿತು ಲೆಕ್ಕ ಮಾಡಬೇಕು. ವಿನುತಾಗೆ ಅದೇ ಶನಿವಾರ ಕಂಪನಿ ಕೆಲಸದ ಮೇಲೆ ಒಸಾಕಾಕ್ಕೆ ಹೋಗುವುದಿತ್ತು.

"ಹಾಗಾದ್ರೆ ಅಪ್ಪ ಬರ್ತಾರೆ ಬಿಡು" ಎಂದಳು ವಿನುತಾ, ಸೂಟ್‌ಕೇಸಿಗೆ ಚಟ್ನಿಪುಡಿ ಇಡುತ್ತ.

ಮೇಘನಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅಪ್ಪಾ, ನೀನ್ ಬಾ. ಆದ್ರೆ ಅಲ್ಲಿ ಕನ್ನಡ ಬೇಡ. ಪ್ರಾಮಿಸ್?"

"ಜಪಾನಿ?"

"ಅದೂ ಬೇಡ."

ಪ್ರಾಮಿಸ್ ಮಾಡಿದೆ. ತಮಾಷೆಯಾಗಿ ಬರೆಯುತ್ತಿದ್ದೇನೆ, ಆದರೆ ಆ ರಾತ್ರಿ ದಿನಚರಿಯಲ್ಲಿ ಬೇರೇನನ್ನೂ ಬರೆಯಲಾಗಲಿಲ್ಲ. ಮಗಳಿಗೆ ತನ್ನದೇ ಆದ ಒಂದು ಜಾಗ ಸಿಕ್ಕಿದೆ. ಅಲ್ಲಿ ನಾನು ಒಂದು ಗಂಟೆ ಕುಳಿತು, ಅವಳು ನಾಚಿಕೆಯಿಂದ ತಲೆ ತಗ್ಗಿಸದಂತೆ ಎದ್ದು ಬರಬೇಕು. ಪಕ್ಕದಲ್ಲಿರುವವನು ತನ್ನ ಅಪ್ಪ ಎಂದು ಅವಳು ಮರೆಮಾಚದೆ ಇದ್ದರೆ ಸಾಕು. ನನಗೆ ಬೇಕಾಗಿದ್ದದ್ದು ಇಷ್ಟೇ.

ತಾಲೀಮು ಶುರುವಾಯಿತು. ಮೇಘನಾ ಗುರುವಾದರೆ ದೇವರೇ ಗತಿ. "ಅಪ್ಪಾ, ಥಂಬ್! ಥಂಬ್!" ಕೆಳಗಿನ ಮಣಿಯನ್ನು ಹೆಬ್ಬೆರಳಿನಿಂದಲೇ ಮೇಲೆ ತಳ್ಳಬೇಕು. ಉಳಿದದ್ದಕ್ಕೆಲ್ಲ ತೋರುಬೆರಳು. ನಾನು ಅನುಕೂಲವಾದ ಬೆರಳನ್ನು ಬಳಸಿದರೆ ಸ್ಕೇಲಿನಿಂದ ಮೇಜಿಗೆ ಬಡಿಯುತ್ತಿದ್ದಳು. ಹೆಚ್ಚಿನ ಮಣಿಗಳ ಮಹಿಮೆಯನ್ನು ಅವಳಿಗೆ ವಿವರಿಸಿದೆ.

"ಹತ್ತಾದ್ರೂ ಪಕ್ಕದ ಮನೆಗೆ ಕಳಿಸ್ಬೇಕಾಗಿಲ್ಲ ಪುಟ್ಟಿ. ಸ್ವಲ್ಪ ಹೊತ್ತು ನಮ್ಮನೇಲೇ ಇಟ್ಕೋಬಹುದು."

"ಝುರುಯಿ!" ಎಂದಳು. ಆಟದಲ್ಲಿ ಮೋಸ ಮಾಡುವವರಿಗೆ ಇಲ್ಲಿನ ಮಕ್ಕಳು ಹೇಳುವ ಮಾತು. ಎದ್ದು ಹೋಗಿ ಸ್ಟ್ರಾಬೆರಿ ಚಿತ್ರವಿರುವ ತನ್ನ ಕಾಗದದ ಟೇಪನ್ನು ತಂದು, ಪ್ರತಿ ಕಡ್ಡಿಯಲ್ಲೂ ಮೇಲಿನದೊಂದು, ಕೆಳಗಿನದೊಂದು ಮಣಿಯನ್ನು ಚೌಕಟ್ಟಿಗೆ ಅಂಟಿಸಿಬಿಟ್ಟಳು. ಹೀಗೆ ನನ್ನ ಚೀನೀ ಮಣಿಚೌಕಟ್ಟು ಜಪಾನಿನ ಪೌರತ್ವ ಪಡೆಯಿತು.

ಶನಿವಾರ ಬಂತು. ಮಹಡಿಯ ಕೋಣೆಯಲ್ಲಿ ಚಾಪೆಯ ಮೇಲೆ ಗಿಡ್ಡ ಮೇಜುಗಳು. ಎಲ್ಲ ಅಪ್ಪ ಅಮ್ಮಂದಿರೂ ಕಾಲು ಮಡಿಸಿ ಕುಳಿತು, ಚೀಲಗಳಿಂದ ತೆಳ್ಳಗಿನ, ನಾಜೂಕಾದ ಸೊರೊಬಾನ್‌ಗಳನ್ನು ತೆಗೆದರು. ನಾನು ಬಟ್ಟೆಯ ಚೀಲದಿಂದ ನನ್ನದನ್ನು ತೆಗೆದಿಟ್ಟಾಗ ಮೇಜು ಅಲ್ಲಾಡಿತು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಕತ್ತು ಚಾಚಿ ನೋಡಿದಳು. ಮೇಘನಾ ಕಿಟಕಿಯ ಆಚೆ ಏನೋ ಬಹಳ ಮುಖ್ಯವಾದದ್ದು ನಡೆಯುತ್ತಿರುವಂತೆ ಅತ್ತ ತಿರುಗಿದಳು.

ಹಮಾದಾ ಸೆನ್‌ಸೇ ಮೊದಲು ಎಲ್ಲರಿಗೂ ಒಂದು ಮಾತು ಹೇಳಿದರು. ನಿಧಾನವಾಗಿ ಹೇಳಿದ್ದರಿಂದ ನನಗೂ ಅರ್ಥವಾಯಿತು. ಅಂಕಿಗಳನ್ನು ಗಟ್ಟಿಯಾಗಿ ಓದುವವರು ಕಾಗದಕ್ಕಾಗಿ ಓದಬಾರದು, ಮಣಿ ಸರಿಸುವವರ ಕಿವಿಗಾಗಿ ಓದಬೇಕು. ನಂತರ ಒಂದು ರಾಗದಲ್ಲಿ, "ನೆಗಾಯ್ಮಾಶಿತೆ ವಾ" ಎಂದು ಶುರುಮಾಡಿದರು. ಲೆಕ್ಕಕ್ಕೆ ಸಿದ್ಧರಾಗಿ ಎಂದು ಅದರ ಅರ್ಥ. ಪ್ರತಿ ಅಂಕಿಯ ಕೊನೆಗೂ "ಎನ್ ನಾರಿ" ಎಂಬ ಒಂದು ಪಲ್ಲವಿ. ಇಷ್ಟು ಯೆನ್ ಎನ್ನುವ ಹಳೆಯ ಕಾಲದ ರೀತಿ ಅದು. ಸುತ್ತಲೂ ಅವರೆಕಾಳನ್ನು ಪಾತ್ರೆಗೆ ಸುಲಿದು ಹಾಕುವಂಥ ಸಣ್ಣ ಸದ್ದು ಎದ್ದಿತು. ನನ್ನ ತಲೆಯೊಳಗೆ ಮಾತ್ರ ಜಪಾನಿ ಇಂಗ್ಲಿಷಾಗಿ, ಇಂಗ್ಲಿಷ್ ಕನ್ನಡವಾಗಿ, ಆಮೇಲೆ ಬೆರಳಿಗೆ ಇಳಿಯಬೇಕಿತ್ತು. ನಾನು ಎರಡನೆಯ ಅಂಕಿಯ ಹತ್ತಿರ ಬರುವಷ್ಟರಲ್ಲಿ ಸೆನ್‌ಸೇ ಐದನೆಯದನ್ನು ಮುಗಿಸಿದ್ದರು. ಗಾಬರಿಯಲ್ಲಿ ಬಾಯಿಂದ ಬಂದೇಬಿಟ್ಟಿತು:

"ಎಂಟು ಮನಸ್ಸಲ್ಲಿ, ಆರು ಕೈಲಿ..."

ಕೋಣೆಯಲ್ಲಿ ಸದ್ದು ನಿಂತಿತು. ಮನಸ್ಸು ಎನ್ನುವಾಗ ಕೈ ತಾನಾಗಿ ಎದೆಗೂ ಹೋಗಿತ್ತು. ಅಪ್ಪ ಅಮ್ಮಂದಿರು ಸಭ್ಯತೆಯಿಂದ ಮುಖ ತಿರುಗಿಸಿಕೊಂಡರು. ಮಕ್ಕಳು ಸಭ್ಯತೆ ಬಿಟ್ಟು ನೋಡಿದರು. ಎದೆಯಿಂದ ಕೈ ತೆಗೆಯುವ ಅವಸರದಲ್ಲಿ ಅದು ಚೌಕಟ್ಟಿಗೆ ತಗುಲಿತು, ಒಂದು ಕಡೆಯಿಂದ ಟೇಪು ಕಿತ್ತುಕೊಂಡಿತು, ಬಂಧಮುಕ್ತವಾದ ಮಣಿಗಳೆಲ್ಲ ಒಂದರ ಹಿಂದೊಂದು ಟಕಟಕನೆ ಜಾರಿದವು. ಮೇಘನಾಳ ಕಿವಿಗಳು ಕೆಂಪಾದವು. ಅವಳು "ಹಜುಕಾಶೀ" ಎಂದು ಗೊಣಗಿದ್ದು ಕೇಳಿಸಿತು. ನಾಚಿಕೆಯಾಗುತ್ತಿದೆ ಎಂದು. ಕೊಟ್ಟ ಮಾತು ಮುರಿದಿದ್ದೆ. ಎದ್ದು ಹೊರಗೆ ಹೋಗಿಬಿಟ್ಟರೆ ಒಳ್ಳೆಯದಾದೀತೆ, ಹೋದರೆ ಇನ್ನೂ ನಾಚಿಕೆಯಾದೀತೆ ಎಂದು ಲೆಕ್ಕ ಹಾಕುತ್ತ ಕುಳಿತೆ. ಆ ಲೆಕ್ಕವೂ ಬಗೆಹರಿಯಲಿಲ್ಲ.

ಮುಂದಿನ ಸುತ್ತು ಜೋಡಿಗಳದ್ದು. ಮಗು ಅಂಕಿಗಳನ್ನು ಓದಬೇಕು, ದೊಡ್ಡವರು ಮಣಿ ಸರಿಸಬೇಕು. ನಮ್ಮ ಸರದಿ ಬಂದಾಗ ಮೇಘನಾ ಕಾಗದ ಹಿಡಿದು ನಿಂತಳು. ಓದಲಿಲ್ಲ. ಕಾಗದವನ್ನು ನೋಡಿದಳು, ನನ್ನ ಬೆರಳುಗಳನ್ನು ನೋಡಿದಳು. ನಿಯಮದ ವಿಷಯದಲ್ಲಿ ಅವಳು ಎಷ್ಟು ಕಟ್ಟುನಿಟ್ಟೆಂದು ಹೇಳಿದ್ದೇನಲ್ಲ; ಮಣಿ ಸರಿಸುವವರ ಕಿವಿಗಾಗಿ ಓದಬೇಕೆಂಬುದೂ ಸೆನ್‌ಸೇ ಹೇಳಿದ ನಿಯಮವೇ. ಸೆನ್‌ಸೇ ಕಡೆಗೆ ತಿರುಗಿ ಏನೋ ಕೇಳಿದಳು. ಅದರಲ್ಲಿ "ಕನ್ನಡ" ಎಂಬುದೊಂದೇ ಪದ ನನಗೆ ಸಿಕ್ಕಿತು. ಸೆನ್‌ಸೇ ಅಂಗೈ ಚಾಚಿ, "ದೋಝೊ" ಎಂದರು. ಆಗಲಿ ಎಂದು.

"ನೆಗಾಯ್ಮಾಶಿತೆ ವಾ" ಎಂದಳು ಮಗಳು. ಆಮೇಲೆ, ತರಗತಿಯ ಮಕ್ಕಳೆಲ್ಲ ಕೇಳುವಂತೆ, ಅದೇ ರಾಗದಲ್ಲಿ: "ಎರಡು ನೂರು ನಲವತ್ತಾರು ಎನ್ ನಾರಿ. ಮೂರು ನೂರು ಐವತ್ತೆಂಟು ಎನ್ ನಾರಿ."

ಇನ್ನೂರು, ಮುನ್ನೂರು ಎನ್ನಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ನನ್ನ ಕೈ ಅಷ್ಟನ್ನು ಹಾಕಿತು, ಹೆಬ್ಬೆರಳಿನಿಂದಲೇ.

"ಎಪ್ಪತ್ತು..." ಅಲ್ಲಿ ತಡವರಿಸಿದಳು. ಕಣ್ಣು ಮುಚ್ಚಿ ಹುಡುಕಿದಳು. "ಎಪ್ಪತ್ತು... ಎಪ್ಪತ್ತೊಂಬತ್ತು ಎನ್ ನಾರಿ!"

ಎಪ್ಪತ್ತರ ಆಚೆಗೆ ಎಣಿಸಲು ನಾನು ಅವಳಿಗೆ ಎಂದೂ ಕಲಿಸಿದ್ದಿಲ್ಲ. ತಾಲೀಮಿನ ಸಂಜೆಗಳಲ್ಲಿ ನನ್ನ ಗೊಣಗಾಟದಿಂದಲೇ ಹೆಕ್ಕಿಕೊಂಡಿರಬೇಕು. ಆ ಒಂಬತ್ತನ್ನು ಅವಳು ಹಿಡಿದುಬಿಟ್ಟಾಗ ಹಿಂದಿನ ಸಾಲಿನ ಹುಡುಗಿ ಚಪ್ಪಾಳೆ ತಟ್ಟಿದಳು. ಆಮೇಲೆ ಕೊನೆಯ ಅಂಕಿ ಬಂತು, "ನೂರ ಹದಿನೈದು." ಎಲ್ಲರೂ ನನ್ನನ್ನು ನೋಡುತ್ತಿದ್ದರು.

"ಅಪ್ಪಾ, ಆನ್ಸರ್!"

ಚೌಕಟ್ಟನ್ನು ನೋಡಿದೆ. ಅಲ್ಲಿ ಮೊದಲೆರಡು ಅಂಕಿಗಳ ಮೊತ್ತವಷ್ಟೇ ಇತ್ತು. ಆಮೇಲೆ ನಾನು ಮಣಿ ಮುಟ್ಟಿರಲೇ ಇಲ್ಲ, ಕೇಳುತ್ತ ಕುಳಿತುಬಿಟ್ಟಿದ್ದೆ. ಇದ್ದದ್ದನ್ನೇ ಹೇಳಿದೆ. "ಆರುನೂರ ನಾಲ್ಕು."

"ತಪ್ಪು!" ಎಂದು ಮೇಘನಾ ಕನ್ನಡದಲ್ಲೇ ಕೂಗಿದಳು. "ಏಳು ನೂರು ತೊಂಬತ್ತೆಂಟು! ಅಯ್ಯೋ ಅಪ್ಪಾ, ನಿನಗೋಸ್ಕರ ಅಲ್ವಾ ಓದಿದ್ದು!" ಬೈಯುತ್ತ ಬೈಯುತ್ತಲೇ ಅವಳಿಗೆ ನಗು ಬಂತು. ಮಕ್ಕಳೆಲ್ಲ ನಕ್ಕರು, ಸೆನ್‌ಸೇ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹಿಂದಿನ ಸಾಲಿನ ಹುಡುಗಿ, "ಮೇಗು-ಚಾನ್, ಇನ್ನೊಮ್ಮೆ!" ಎಂದು ಜಪಾನಿಯಲ್ಲಿ ಕೇಳಿದಳು. ಮೇಘನಾ ನನ್ನ ಭುಜಕ್ಕೆ ಭುಜ ತಾಗುವಂತೆ ಪಕ್ಕಕ್ಕೆ ಬಂದು ಕುಳಿತು, "ಈ ಸಲ ಸ್ಲೋ ಆಗಿ ಓದ್ತೀನಿ. ಸರಿಯಾಗಿ ಕೇಳ್ಕೋ" ಎಂದಳು.

ನಿಧಾನವಾಗಿ, ಒಂದೊಂದೇ ಅಂಕಿ ಬಿಡಿಸಿ ಓದಿದಳು. ಎರಡನೆಯ ಸಲವೂ ನನ್ನ ಉತ್ತರ ತಪ್ಪಾಯಿತು. ನಿಜವಾಗಿಯೂ ಕೈ ತಪ್ಪಿತ್ತೋ, ಇಲ್ಲ ನಾನೇ ಬೇಕೆಂದೇ ಒಂದು ಮಣಿಯನ್ನು ಸರಿಸದೆ ಬಿಟ್ಟೆನೋ ಎಂದು ಈಗ ಕೇಳಿದರೆ ಹೇಳಲಾರೆ. ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಅವಳು ಮಾತ್ರ ಹಣೆ ಚಚ್ಚಿಕೊಂಡು, ಕಾಗದವನ್ನು ಮತ್ತೆ ಮೇಲೆತ್ತಿ, ಮೂರನೆಯ ಸಲ ಓದಲು ಶುರುಮಾಡಿದಳು.